ಯಾರಿಗೆ ಯಾವ ಮದ್ದು? ಗಡ್ಡೆಯೊಳಗೇ ಇದ್ದ ಉತ್ತರ

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವಿಚಿತ್ರ ವರದಿಯನ್ನು ಪ್ರಕಟಿಸಿದರು. ಉಲ್ಬಣಗೊಂಡ ಸ್ತನ ಕ್ಯಾನ್ಸರಿನ ರೋಗಿಯ ಅಂಡಾಶಯಗಳನ್ನು ತೆಗೆದುಹಾಕಿದಾಗ ಎದೆಯ ಗಡ್ಡೆ ಕರಗಿತ್ತು. ಇವೆರಡಕ್ಕೂ ಇರುವ ನಂಟೇನೆಂದು ಆಗ ಸ್ಪಷ್ಟವಿರಲಿಲ್ಲ. 'ಹಾರ್ಮೋನು' ಎಂಬ ಪದವೇ ಇನ್ನೂ ಹುಟ್ಟಿರಲಿಲ್ಲ. ಇತರ ವೈದ್ಯರೂ ಇದೇ ಶಸ್ತ್ರಚಿಕಿತ್ಸೆ ಮಾಡಿ ನೋಡಿದರು. ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತು. ಉಳಿದಿಬ್ಬರ ಪಾಲಿಗೆ ಬಂದದ್ದು ಬರಿಯ ನೋವು. ಗುಣ ಕಾಣುವ ಆ ಒಬ್ಬರು ಯಾರೆಂದು ಮೊದಲೇ ತಿಳಿಯುವುದು ಹೇಗೆ? ಕ್ಯಾನ್ಸರ್ ವೈದ್ಯ ನೂರಕ್ಕೂ ಹೆಚ್ಚು ವರ್ಷ ಈ ಪ್ರಶ್ನೆಯ ಬೆನ್ನು ಹತ್ತಿದೆ.

ಮೊದಲ ಉತ್ತರದ ಜಾಡು ಸಿಕ್ಕಿದ್ದು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ. 1950ರ ದಶಕದ ಕೊನೆಗೆ ಅಲ್ಲಿನ ಎಲ್ವುಡ್ ಜೆನ್ಸನ್, ಈಸ್ಟ್ರೋಜೆನ್ ಹಾರ್ಮೋನಿಗೆ ವಿಕಿರಣಶೀಲ ಜಲಜನಕದ ಗುರುತು ಹಚ್ಚಿ ಇಲಿಗಳಿಗೆ ಚುಚ್ಚಿದರು. ಗರ್ಭಕೋಶದಂಥ ಕೆಲವು ಅಂಗಗಳು ಮಾತ್ರ ಅದನ್ನು ಹಿಡಿದಿಟ್ಟುಕೊಂಡವು. ಆ ಜೀವಕೋಶಗಳಲ್ಲಿ ಹಾರ್ಮೋನನ್ನು ಹಿಡಿಯುವ ಒಂದು ಪ್ರೋಟೀನು, ಅಂದರೆ 'ಗ್ರಾಹಿ', ಇತ್ತು. ಬೀಗವಿದ್ದಲ್ಲಿ ತಾನೆ ಬೀಗದ ಕೈಗೆ ಕೆಲಸ! ಗಡ್ಡೆಯಲ್ಲಿ ಗ್ರಾಹಿ ಇಲ್ಲದ ರೋಗಿಗೆ ಹಾರ್ಮೋನು ತಡೆಯುವ ಚಿಕಿತ್ಸೆಯಿಂದ ಪ್ರಯೋಜನ ತೀರ ಕಡಿಮೆ ಎಂಬುದು 1970ರ ದಶಕದಲ್ಲಿ ಖಚಿತವಾಯಿತು. ಅದೇ ದಶಕದಲ್ಲಿ ಬಂದ ಟಾಮಾಕ್ಸಿಫೆನ್ ಮಾತ್ರೆಯನ್ನು ಯಾರಿಗೆ ಕೊಡಬೇಕೆಂಬುದನ್ನು ಮುಂದೆ ಈ ಪರೀಕ್ಷೆಯೇ ನಿರ್ಧರಿಸತೊಡಗಿತು.

ಕೀಮೋಥೆರಪಿಯ ವಿಷಯ ಇಷ್ಟು ಸರಳವಲ್ಲ. ಶಸ್ತ್ರಚಿಕಿತ್ಸೆಯ ನಂತರ ದೇಹದಲ್ಲಿ ಕಣ್ಣಿಗೆ ಕಾಣದಂತೆ ಉಳಿದಿರಬಹುದಾದ ರೋಗಕೋಶಗಳನ್ನು ಕೊಲ್ಲಲು ಇದನ್ನು ಕೊಡುತ್ತಾರೆ. ಕೂದಲು ಉದುರುವುದು, ವಾಂತಿ, ರಕ್ತಕಣಗಳ ಕುಸಿತ, ಕೆಲವೊಮ್ಮೆ ಹೃದಯಕ್ಕೆ ಹಾನಿ, ಇವು ಇದಕ್ಕೆ ತೆರಬೇಕಾದ ಬೆಲೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಹೇಳಲಾಗದೆ ಬಹುಮಂದಿಗೆ ಕೊಡುತ್ತಿದ್ದರು.

ಇಲ್ಲಿ ನೆರವಿಗೆ ಬಂದದ್ದು ಜೀನ್‌ಗಳ ಚಟುವಟಿಕೆಯ ಲೆಕ್ಕ. ದೇಹದ ಜೀವಕೋಶಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ಜೀನ್‌ಗಳಿದ್ದರೂ ಎಲ್ಲವೂ ಎಲ್ಲ ಕಡೆಯೂ ಕೆಲಸ ಮಾಡುವುದಿಲ್ಲ. ಕೆಲಸದಲ್ಲಿರುವ ಜೀನ್ ತನ್ನ ಸಂದೇಶವನ್ನು ಆರ್‌ಎನ್‌ಎ ಪ್ರತಿಗಳಾಗಿ ಹೊರಡಿಸುತ್ತದೆ. ಆ ಪ್ರತಿಗಳನ್ನು ಅಳೆದರೆ ಯಾವ ಜೀನ್ ಚುರುಕಾಗಿದೆ, ಯಾವುದು ಮಂದವಾಗಿದೆ ಎಂದು ತಿಳಿಯುತ್ತದೆ. ಸಾವಿರಾರು ಜೀನ್‌ಗಳನ್ನು ಒಂದೇ ಬಿಲ್ಲೆಯ ಮೇಲೆ ಅಳೆಯುವ ತಂತ್ರ 1990ರ ದಶಕದಲ್ಲಿ ಬಂತು. 2002ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು, ರೋಗ ಹರಡುವ ಸೂಚನೆ ಕೊಡುವ 70 ಜೀನ್‌ಗಳ ಪಟ್ಟಿ ಮಾಡಿದರು. 2004ರಲ್ಲಿ ಅಮೆರಿಕದಿಂದ 21 ಜೀನ್‌ಗಳ ಪರೀಕ್ಷೆ ಬಂತು. ಅದು ಗಡ್ಡೆಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ.

ರೋಗ ಮರಳುವುದೇ ಎಂಬುದು ಒಂದು ಪ್ರಶ್ನೆ. ಈ ಮದ್ದು ನಾಟುವುದೇ ಎಂಬುದು ಬೇರೆಯೇ ಪ್ರಶ್ನೆ. ಹಳೆಯ ಪ್ರಯೋಗವೊಂದರಲ್ಲಿ ಮೇಣದಲ್ಲಿ ಹುದುಗಿಸಿಟ್ಟಿದ್ದ ಗಡ್ಡೆಯ ಚೂರುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಹೊರಬಂತು. ಹೆಚ್ಚು ಅಂಕದವರಿಗೆ ಕೀಮೋಥೆರಪಿಯಿಂದ ದೊಡ್ಡ ಲಾಭವಾಗಿತ್ತು. ಕಡಿಮೆ ಅಂಕದವರಿಗೆ ಆದ ಲಾಭ ಅತ್ಯಲ್ಪ.

ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು, ಯಾವ ರೋಗಿಗೆ ಯಾವ ಕೀಮೋ ಮದ್ದು ಒಗ್ಗುವುದೆಂದು ಜೀನ್‌ಗಳಿಂದಲೇ ಹೇಳಬಲ್ಲೆವೆಂದು ಸಾರಿತು. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ತಾಳೆಯಾಗಲಿಲ್ಲ. ಜೀನ್‌ಗಳ ಪಟ್ಟಿ ಒಂದು ಸಾಲು ಜಾರಿತ್ತು. ಕೆಲವೆಡೆ ಮದ್ದಿಗೆ ಬಗ್ಗುವ ಕೋಶಗಳಿಗೂ ಬಗ್ಗದ ಕೋಶಗಳಿಗೂ ಹಣೆಪಟ್ಟಿ ಅದಲುಬದಲಾಗಿತ್ತು. ಅಷ್ಟರಲ್ಲೇ, ಅಂದರೆ 2007ರಿಂದ, ಈ ಲೆಕ್ಕವನ್ನು ನಂಬಿ ರೋಗಿಗಳ ಮೇಲೆ ಪ್ರಯೋಗಗಳು ಶುರುವಾಗಿದ್ದವು. ಹಣೆಪಟ್ಟಿ ತಿರುವುಮುರುವಾದರೆ ರೋಗಿಗೆ ಸಿಗುವುದು ನಾಟದ ಮದ್ದೇ. 2010ರಲ್ಲಿ ಪ್ರಯೋಗಗಳು ನಿಂತವು. 2011ರಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು.

21 ಜೀನ್‌ಗಳ ಪರೀಕ್ಷೆ ಹಿಡಿದ ದಾರಿ ನಿಧಾನದ್ದು. 2006ರಲ್ಲಿ ಆರಂಭವಾದ 'ಟೇಲರ್‌ಎಕ್ಸ್' ಪ್ರಯೋಗಕ್ಕೆ 10,273 ಮಹಿಳೆಯರು ಸೇರಿದರು. ಹಾರ್ಮೋನು ಗ್ರಾಹಿಯುಳ್ಳ, ಕಂಕುಳಿನ ಗ್ರಂಥಿಗಳಿಗೆ ಹರಡದ ಸ್ತನ ಕ್ಯಾನ್ಸರ್ ಅವರದು. 11ರಿಂದ 25ರ ನಡುವೆ ಅಂಕ ಬಂದವರಲ್ಲಿ ಕೆಲವರಿಗೆ ಹಾರ್ಮೋನು ಚಿಕಿತ್ಸೆ ಮಾತ್ರ, ಉಳಿದವರಿಗೆ ಜೊತೆಗೆ ಕೀಮೋಥೆರಪಿ. ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ. 2018ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪುಗಳಿಗೂ ಒಟ್ಟಾರೆ ವ್ಯತ್ಯಾಸವೇ ಇರಲಿಲ್ಲ. ಐವತ್ತು ದಾಟದವರಲ್ಲಿ ಮಾತ್ರ, 16ಕ್ಕಿಂತ ಕಡಿಮೆಯಿಲ್ಲದ ಅಂಕ ಬಂದಿದ್ದರೆ, ಕೀಮೋಥೆರಪಿಯಿಂದ ಕೊಂಚ ಲಾಭ ಕಂಡಿತು.

ಹೊಸ ಮದ್ದನ್ನು ಕಂಡುಹಿಡಿದದ್ದು ಮಾತ್ರವಲ್ಲ, ಬೇಡದ ಮದ್ದನ್ನು ಬಿಡಲು ಕಲಿತದ್ದೂ ವೈದ್ಯ ಇತಿಹಾಸದ ದೊಡ್ಡ ಹೆಜ್ಜೆಯೇ. ಆದರೆ ಅಂಕವನ್ನು ನಂಬುವ ಮೊದಲು ಅದರ ಲೆಕ್ಕವನ್ನು ಬೇರೆಯವರು ತಾಳೆ ನೋಡಿರಬೇಕು. ಆ ಅಂಕದ ತುದಿಯಲ್ಲಿ ಇರುವುದು ಒಂದು ಜೀವ.