ಗಿರಣಿಯ ನೆಲದ ಮೂರನೆಯ ಪಾಲು

ಮುಂಬಯಿಯ ಪರಳ, ಲಾಲಬಾಗ, ವರಳಿ ಭಾಗಗಳಿಗೆ ‘ಗಿರಣಗಾಂವ’ ಎಂಬ ಹೆಸರುಂಟು. ಗಿರಣಿಗಳ ಊರೆಂದೇ ಅದರ ಅರ್ಥ. 1854ರಲ್ಲಿ ಕಾವಸಜಿ ನಾನಾಭಾಯಿ ದಾವರರು ನಗರದ ಮೊದಲನೆಯ ಹತ್ತಿಗಿರಣಿಯ ಕಂಪನಿಯನ್ನು ಸ್ಥಾಪಿಸಿದರು. 1856ರಲ್ಲಿ ತಾಡದೇವದಲ್ಲಿ ಅದರ ಯಂತ್ರಗಳು ತಿರುಗತೊಡಗಿದವು. ಅಲ್ಲಿಂದ ಬೆಳೆದ ಗಿರಣಿಗಳು 58. ಅವು ಹಿಡಿದ ನೆಲ ಸುಮಾರು 600 ಎಕರೆ.

1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತು. ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದು ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಬಯಲಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳಿಗೆ ಅಂಗಳ, ಮುದುಕರಿಗೆ ಜಗಲಿ, ಹಬ್ಬಕ್ಕೆ ಚಪ್ಪರದ ಜಾಗ, ಎಲ್ಲವೂ ಆ ಬಯಲೇ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಹತ್ತಿಗಿಂತ ನೆಲವೇ ಹೆಚ್ಚು ಬೆಲೆಬಾಳುವ ಕಾಲ ಬಂದಿತು.

1991ರ ನಗರಾಭಿವೃದ್ಧಿ ನಿಯಮಗಳಲ್ಲಿ 58ನೆಯದು ಈ ನೆಲಕ್ಕೆ ಸಂಬಂಧಿಸಿದ್ದು. ಮಾರಲಿಚ್ಛಿಸುವ ಗಿರಣಿಯ ನೆಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಉದ್ಯಾನ, ಮೈದಾನಗಳಿಗಾಗಿ ನಗರಸಭೆಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದುದು ಮಾಲಿಕರಿಗೆ. ಈ ಹಂಚಿಕೆ ಒಪ್ಪಿಗೆಯಾಗದೆ ಹಲವು ಮಾಲಿಕರು ಹಳೆಯ ಕಟ್ಟಡಗಳನ್ನು ಹಾಗೆಯೇ ಉಳಿಸಿಕೊಂಡು ಅವುಗಳೊಳಗೇ ಅಂಗಡಿ, ಕಚೇರಿಗಳನ್ನು ತೆರೆದರು. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯು ಬಿಡಿಬಿಡಿ ಗಿರಣಿಗಳನ್ನಲ್ಲ, ಇಡೀ ಪ್ರದೇಶವನ್ನು ಒಂದಾಗಿ ಯೋಜಿಸಬೇಕೆಂದಿತು.

2001ರಲ್ಲಿ ಸರಕಾರ ನಿಯಮವನ್ನೇ ತಿದ್ದಿತು. ಕಟ್ಟಡವಿಲ್ಲದೆ ತೆರವಾಗಿರುವ ನೆಲವಷ್ಟೇ ಹಂಚಿಕೆಗೆ ಒಳಪಡತಕ್ಕದ್ದು ಎಂದಾಯಿತು. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. 15 ಎಕರೆಯ ಗಿರಣಿಯೊಂದರಲ್ಲಿ ತೆರವಾದ ನೆಲ 3 ಎಕರೆ ಎಂದಿಟ್ಟುಕೊಳ್ಳಿ. ಮೊದಲಿನ ನಿಯಮದಂತೆ ಉದ್ಯಾನಕ್ಕೆ ಸುಮಾರು 5 ಎಕರೆ. ತಿದ್ದುಪಡಿಯಂತೆ ಒಂದೇ ಎಕರೆ. ಪಾಲಿನ ಹೆಸರು ಬದಲಾಗಲಿಲ್ಲ. ಪಾಲು ಹಾಕುವ ಮೊತ್ತ ಬದಲಾಯಿತು.

ಕಾರ್ಮಿಕರ ಬಾಕಿಯೂ ಬ್ಯಾಂಕುಗಳ ಸಾಲವೂ ತೀರಬೇಕಾದರೆ ನೆಲ ಮಾರದೆ ಗತ್ಯಂತರವಿಲ್ಲವೆಂಬುದು ತಿದ್ದುಪಡಿಯ ಪರವಾದ ವಾದ. ಬ್ಯಾಂಕಿನಲ್ಲಿ ದುಡಿಯುವ ನಾನು ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸಾಲ ಒಮ್ಮೆ ತೀರುತ್ತದೆ. ಕಟ್ಟಡವೆದ್ದ ಬಯಲು ಮತ್ತೆ ಬಾರದು. 2005ರ ಅಕ್ಟೋಬರದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಬಯಲಿನ ಪರವಾಗಿ ತೀರ್ಪಿತ್ತಿತು. 2006ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಇಂದು ಆ ನೆಲದಲ್ಲಿ ಗಗನಚುಂಬಿ ಸೌಧಗಳಿವೆ. ಅವುಗಳಲ್ಲಿ ಹಸಿರೂ ಉಂಟು, ಆದರೆ ಗೇಟಿನೊಳಗೆ. ಪಕ್ಕದ ಚಾಳಿನ ಮಗು ಆಡಬೇಕಾದರೆ ರಸ್ತೆಗೇ ಇಳಿಯಬೇಕು. ಮರವಿದ್ದ ಮಾತ್ರಕ್ಕೆ ಅದು ಉದ್ಯಾನವಾಗದು. ಬಡವನ ಮಗುವೂ ಅಂಜದೆ ಒಳಹೊಗುವಂತಿದ್ದರೇ ಅದು ಉದ್ಯಾನ.

ಹಾಗೆಂದು ಕೈಚೆಲ್ಲಿ ಕೂರಬೇಕಾಗಿಲ್ಲ. ನಗರದ ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪ ಸಲ್ಲಿಸುವ ಹಕ್ಕನ್ನು 1966ರ ಮಹಾರಾಷ್ಟ್ರ ನಗರಯೋಜನಾ ಕಾನೂನು ಕೊಟ್ಟಿದೆ. 2015ರಲ್ಲಿ ಸಾವಿರಾರು ನಾಗರಿಕರು ಹೀಗೆ ಆಕ್ಷೇಪವೆತ್ತಿದ್ದರಿಂದಲೇ ಮುಂಬಯಿಯ ಕರಡು ಹೊಸದಾಗಿ ಬರೆಯಲ್ಪಟ್ಟಿತು. ರಾಜ್ಯೋತ್ಸವದ ಚಪ್ಪರ ಹಾಕಲು ಬಯಲು ಹುಡುಕುವ ಕನ್ನಡ ಬಾಂಧವರು ಆ ಕರಡನ್ನೂ ಓದಬೇಕು, ತಮ್ಮ ಓಣಿಯ ಮೈದಾನ ಅದರಲ್ಲಿ ಉಳಿದಿದೆಯೇ ಎಂದು ನೋಡಬೇಕು. ನಾವು ನೆಲಸಿದ ಊರಿಗೆ ನಾವು ಸಲ್ಲಿಸಬಹುದಾದ ಸೇವೆಗಳಲ್ಲಿ ಇದೂ ಒಂದು.