ಅಳೆದು ಕೇಳಿದ ಹಾಡು

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ರೇಡಿಯೋ ಪ್ರಸಾರ ಶುರುಮಾಡಿದ್ದು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಮೈಸೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದು ಆಗಲೇ ಕಾಲು ಶತಮಾನ ಕಳೆದಿತ್ತು. ಹಳ್ಳಿಗಳಲ್ಲಿ ಮಾತ್ರ ಆ ವಾಣಿ ಮನೆಯೊಳಗೆ ಇಳಿಯಲು ಬ್ಯಾಟರಿಯೇ ಗತಿ. ಆ ಬ್ಯಾಟರಿಯ ಕಥೆ ಹೇಳುವವರು ಕಡಿಮೆ.

ಮಲೆನಾಡಿನ ನಮ್ಮ ಮನೆಯಲ್ಲಿ ಇದ್ದದ್ದು ವಾಲ್ವಿನ ಸೆಟ್ಟು. ಅದಕ್ಕೆ ಎರಡು ಬಗೆಯ ಆಹಾರ ಬೇಕು. ವಾಲ್ವಿನೊಳಗಿನ ಎಳೆ ಕಾಯಲು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ. ವಾಲ್ವು ಕೆಲಸಮಾಡಲು 90 ವೋಲ್ಟಿನ ಒಣ ಬ್ಯಾಟರಿ. ಈ ಎರಡನೆಯದು ಒಂದೂವರೆ ವೋಲ್ಟಿನ 60 ಪುಟ್ಟ ಸೆಲ್ಲುಗಳನ್ನು ಒಂದೇ ಡಬ್ಬಿಯಲ್ಲಿ ಪೋಣಿಸಿದ್ದು. ಮುಗಿದರೆ ಮುಗಿಯಿತು, ಎಸೆಯಬೇಕು. ಮೊದಲನೆಯದನ್ನು ಪೇಟೆಗೆ ಬಸ್ಸಿನಲ್ಲಿ ಕಳಿಸಿ ಚಾರ್ಜು ಮಾಡಿಸಬಹುದಿತ್ತು. ಅದರ ಆಸಿಡ್ಡು ಸೀರೆಗೆ ಸಿಡಿದರೆ ಆ ಹೊತ್ತಿಗೆ ಏನೂ ಕಾಣದು. ಒಗೆದು ಹಿಂಡಿದಾಗಲೇ ತೂತು ಕಾಣುವುದು.

ಇಷ್ಟೆಲ್ಲ ಖರ್ಚಿನ ವಸ್ತುವನ್ನು ಗಂಟೆ ಲೆಕ್ಕದಲ್ಲೇ ಬಳಸಬೇಕಲ್ಲ. ಸಂಜೆಯ ವಾರ್ತೆ ಅಜ್ಜನದು. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ ಬರುವ ಹೊತ್ತಿಗೆ, “ವಾರ್ತೆಗೆ ಬೇಕು, ಸುಮ್ಮನೆ ಕರಗಿಸಬೇಡಿ” ಎಂಬ ಅಪ್ಪಣೆ. ನಮಗಾಗಿಯೇ ಇದ್ದ ಕಾರ್ಯಕ್ರಮವನ್ನು ನಮ್ಮಮ್ಮ ವರ್ಷಗಟ್ಟಲೆ ಕೇಳಲೇ ಇಲ್ಲ.

ಈ ಲೆಕ್ಕವನ್ನು ಮುರಿದದ್ದು ಟ್ರಾನ್ಸಿಸ್ಟರು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. 1954ರಲ್ಲಿ ಜೇಬಿಗೆ ಹಿಡಿಸುವ ರೇಡಿಯೋ ಆಗಿ ಅಲ್ಲಿನ ಅಂಗಡಿಗೆ ಬಂತು. ಕಾಯಿಸಲು ಎಳೆಯಿಲ್ಲ, 90 ವೋಲ್ಟಿನ ಹಂಗಿಲ್ಲ. ನಮ್ಮಲ್ಲಿಗೆ ಬಂದದ್ದು ತಡವಾಗಿ. ಟಾರ್ಚಿನ ನಾಲ್ಕು ಸೆಲ್ಲು ಹಾಕಿದರೆ ಸಾಕಾಗಿತ್ತು. ಹಾಲು ಮಾರಿದ ದುಡ್ಡಿನಲ್ಲಿ ಅಮ್ಮ ತಾನೇ ಸೆಲ್ಲು ತರಿಸಿದಳು. ರೇಡಿಯೋ ಅಡುಗೆಮನೆಯ ಗೂಡು ಸೇರಿತು. ಸಪ್ಪೆಯಾದ ಸೆಲ್ಲನ್ನು ಹಪ್ಪಳದ ಪಕ್ಕದಲ್ಲೇ ಬಿಸಿಲಿಗಿಟ್ಟು ಇನ್ನೊಂದೆರಡು ದಿನ ಹಾಡಿಸುತ್ತಿದ್ದಳು. ನೀವೂ ಮಾಡಿರಬಹುದು. 1957ರಲ್ಲಿ ಶುರುವಾಗಿದ್ದ ವಿವಿಧ ಭಾರತಿಯೂ, ಸಿಲೋನೂ ನಮ್ಮ ಒಗ್ಗರಣೆಯ ಸದ್ದಿನೊಡನೆ ಬೆರೆತದ್ದು ಹೀಗೆ.

ಕ್ಯಾಸೆಟ್ಟು ಬಂದ ಮೇಲೆ ಮತ್ತೆ ಕಷ್ಟ. ಫಿಲಿಪ್ಸ್‌ನವರು 1963ರಲ್ಲಿ ಅದನ್ನು ಹೊರತಂದಿದ್ದರು. ನಮ್ಮ ಟೇಪ್‌ರೆಕಾರ್ಡರಿಗೆ ಆರು ದಪ್ಪ ಸೆಲ್ಲು. ಅದರ ಮೋಟಾರಿನ ಹೊಟ್ಟೆಗೆ ಅವು ಎಲ್ಲಿಗೂ ಸಾಲದು. ಸೆಲ್ಲು ಸೋತಂತೆ ಟೇಪು ನಿಧಾನವಾಗಿ, ಗಾಯಕಿಯ ದನಿ ಗಂಡಸಿನ ಗೊರಕೆಯಾಗುತ್ತಿತ್ತು.

ಎಂಬತ್ತರ ದಶಕದಲ್ಲಿ ಮನೆಗೆ ಕರೆಂಟು ಬಂತು, ಬಂದಷ್ಟೇ ಹೋಗುತ್ತಲೂ ಇತ್ತು. ನನ್ನ ತಮ್ಮ ಕಾರಿನ ಹಳೆಯ ಸ್ಟೀರಿಯೋವನ್ನು 12 ವೋಲ್ಟಿನ ಬ್ಯಾಟರಿಗೆ ಕಟ್ಟಿ, ಸ್ಪೀಕರುಗಳನ್ನು ಎರಡು ಮಣ್ಣಿನ ಗಡಿಗೆಗಳ ಬಾಯಿಗೆ ಕೂರಿಸಿದ. ಹೈಫೈ ಎಂದು ಅವನೇ ಹೆಸರಿಟ್ಟ. ನಗಬೇಡಿ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ; ಅದನ್ನು ಸರಿಯಾಗಿ ಸೋಸದಿದ್ದರೆ ಹಾಡಿನ ಕೆಳಗೆ ‘ಗುಂಯ್’ ಎಂಬ ದನಿ ಉಳಿಯುತ್ತದೆ. ಬ್ಯಾಟರಿಯದು ಒಂದೇ ದಿಕ್ಕಿನ ಹರಿವು, ಆ ಗುಂಯ್ ಇಲ್ಲ. ಶುದ್ಧ ದನಿಯ ಹುಚ್ಚಿನವರು ಬೇಕೆಂದೇ ಬ್ಯಾಟರಿ ಬಳಸುವುದು ಇದಕ್ಕೇ.

ಅಮ್ಮನಿಗೆ ಈ ಶಾಸ್ತ್ರ ಯಾರೂ ಹೇಳಿರಲಿಲ್ಲ. ಮೊದಲ ದಿನ ಕಣ್ಣು ಮುಚ್ಚಿ ಕೂತಿದ್ದವಳು, “ತಂಬೂರಿ ಇತ್ತೇನೇ ಈ ಹಾಡಲ್ಲಿ?” ಎಂದಳು. ಮರುದಿನದಿಂದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವನ್ನು ತಮ್ಮನಿಗೂ ಬಿಡಲಿಲ್ಲ. ಹಳೇ ಸೀರೆಯೊಂದನ್ನು ಅದಕ್ಕೆಂದೇ ಎತ್ತಿಟ್ಟುಕೊಂಡಳು.