ಮಲೆನಾಡಿನ ಬಿದಿರು ಮತ್ತು ಅಂಬಿನ ಕಡ್ಡಿ

ಬಿಲ್ಲುಗಾರಿಕೆಯ ಚರಿತ್ರೆಯಲ್ಲಿ ಬಿಲ್ಲಿಗೆ ಸಂದ ಮನ್ನಣೆ ಅಂಬಿನ ಕಡ್ಡಿಗೆ ಸಂದಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯಿದ್ದಾಳೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳಲ್ಲಿ ಧನುರಾಶಿಗೂ ಒಂದು ಕಂಬವಿದೆ. ಆದರೆ ಅಂಬನ್ನು ಯಾವುದರಿಂದ ಮಾಡುತ್ತಿದ್ದರೆಂಬುದನ್ನು ಕಲ್ಲು ಹೇಳದು. ಅದಕ್ಕೆ ಗ್ರಂಥವನ್ನೂ ಕಾಡನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ವೇಣು, ಶರ, ಶಲಾಕಾ, ದಂಡಾಸನ, ನಾರಾಚ ಎಂದು ಐದು ಬಗೆಯ ಅಂಬುಗಳನ್ನು ಹೆಸರಿಸುತ್ತದೆ. ವೇಣು ಬಿದಿರಿನದು, ಶರ ಜೊಂಡಿನದು, ಶಲಾಕಾ ಮರದ್ದು, ನಾರಾಚ ಕಬ್ಬಿಣದ್ದು. ವಿದ್ಯಾಶಂಕರ ದೇವಾಲಯ ಎದ್ದ ಶತಮಾನದಲ್ಲೇ, 1363ರಲ್ಲಿ, ಸಿದ್ಧವಾದ ಶಾರ್ಙ್ಗಧರನ ಗ್ರಂಥ ಶಾರ್ಙ್ಗಧರ ಪದ್ಧತಿಯ ಧನುರ್ವೇದ ಭಾಗವು ಆಯ್ಕೆಯ ನಿಯಮಗಳನ್ನೇ ಕೊಡುತ್ತದೆ: ಕಡ್ಡಿ ಎಳೆಯದಾಗಿರಬಾರದು, ಕೆಟ್ಟ ನೆಲದಲ್ಲಿ ಬೆಳೆದಿರಬಾರದು, ಸೀಳಿರಬಾರದು, ಬಲಿತು ಬಿಳಿಹಳದಿಗೆ ತಿರುಗಿದ್ದನ್ನು ಶರತ್ಕಾಲದಲ್ಲಿ ತರಬೇಕು, ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ, ದಪ್ಪ ಕಿರುಬೆರಳಿನಷ್ಟು. ಮುಂದೆ ದಪ್ಪವಿರುವುದು ಹೆಣ್ಣು, ಅದು ದೂರ ಹೋಗುತ್ತದೆ. ಹಿಂದೆ ದಪ್ಪವಿರುವುದು ಗಂಡು, ಅದು ಗಟ್ಟಿಯಾದುದನ್ನು ಭೇದಿಸುತ್ತದೆ. ಉದ್ದಕ್ಕೂ ಸಮನಾಗಿರುವುದು ನಪುಂಸಕ, ಅದು ಗುರಿಯ ಅಭ್ಯಾಸಕ್ಕೆ ಸಲ್ಲುತ್ತದೆ. ಹೆಸರುಗಳು ವಿಚಿತ್ರವೆನಿಸಿದರೂ ತೂಕ ಯಾವ ತುದಿಯಲ್ಲಿದೆ ಎಂಬ ವಿವೇಚನೆ ಅವುಗಳ ಹಿಂದಿದೆ.

ಈ ನಿಯಮಗಳನ್ನು ಮಲೆನಾಡಿನ ನಾರ್ವೆ, ಕೊಪ್ಪ, ಶೃಂಗೇರಿಗಳ ಕಾಡಿಗೆ ಹೊಂದಿಸಿ ನೋಡಿದರೆ ಅವುಗಳ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಹಳ್ಳದ ಬದಿಯ ವಾಟೆ ಬಿದಿರು ಹಗುರ, ಅದರ ಗೆಣ್ಣುಗಳು ದೂರದೂರ. ಆದರೆ ಗೋಡೆ ತೆಳುವಾದ್ದರಿಂದ ಹೆದೆ ಕೂರುವ ಕಚ್ಚಿನಲ್ಲಿ, ಅಂದರೆ ಹಿಳುಕಿನಲ್ಲಿ, ಸೀಳುವ ಭಯವುಂಟು. ನರಸಿಂಹರಾಜಪುರದ ಕಡೆ, ಮಳೆ ಕಡಿಮೆಯಾಗುವ ಭದ್ರಾ ಕಣಿವೆಯ ಕಿರುಬಿದಿರಿಗೆ ಟೊಳ್ಳು ತೀರ ಕಡಿಮೆ. ಅದು ಭಾರವಾದರೂ ಗಟ್ಟಿ. ಹೆಬ್ಬಿದಿರಿನ ಬುಡದ ದಪ್ಪ ಗೋಡೆಯನ್ನು ಸೀಳಿ ಹೆರೆದೂ ಕಡ್ಡಿ ಮಾಡಬಹುದು. ಹೊರಸಿಪ್ಪೆಯ ಬಳಿ ನಾರು ದಟ್ಟವಾಗಿರುವುದರಿಂದ ಆ ಮೈಯನ್ನು ಹೆಚ್ಚು ಹೆರೆದಷ್ಟೂ ಕಡ್ಡಿ ಬಲಗುಂದುತ್ತದೆ. ಡೊಂಕಾದುದನ್ನು ಕೆಂಡದ ಕಾವಿಗೆ ಹಿಡಿದು, ಬಿಸಿಯಿರುವಾಗಲೇ ಬಗ್ಗಿಸಿ, ಆರುವವರೆಗೆ ಹಾಗೆಯೇ ಒತ್ತಿಹಿಡಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಶರತ್ಕಾಲದ ನಿಯಮಕ್ಕೂ ಕಾರಣವಿದೆ: ಮಳೆಗಾಲದ ಹೊಸ ಕಳಲೆಗೆ ಬಿದಿರು ತನ್ನ ಪಿಷ್ಟವನ್ನು ಕೊಟ್ಟು ಮುಗಿಸಿರುವುದರಿಂದ, ಪಿಷ್ಟವನ್ನೇ ತಿನ್ನುವ ಹುಳು ಆಗ ಕಡಿದ ಬಿದಿರಿಗೆ ಸುಲಭವಾಗಿ ಬೀಳದು, ಕುಟ್ಟೆ ಹಿಡಿಯದು.

ಬಿಲ್ಲಿನ ಬಲಕ್ಕೆ ಕಡ್ಡಿಯ ಬಿಗಿ ಹೊಂದಬೇಕೆಂಬುದು ಎಲ್ಲ ದೇಶಗಳಿಗೂ ಸಾಮಾನ್ಯ. ಹೆದೆ ಬಿಟ್ಟ ಕ್ಷಣ ಅಂಬು ಬಳುಕಿ, ಬಿಲ್ಲನ್ನು ಬಳಸಿ ಸಾಗುತ್ತದೆ. ಕಡ್ಡಿ ತೀರ ಬಿಗಿಯಾದರೂ ತೀರ ಸಡಿಲವಾದರೂ ಗುರಿ ಪಕ್ಕಕ್ಕೆ ಸರಿಯುತ್ತದೆ. ಆದರೆ ಕಡ್ಡಿಯ ವಸ್ತು ದೇಶದಿಂದ ದೇಶಕ್ಕೆ ಬೇರೆ: 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ದೊರೆತ ಸಾವಿರಾರು ಅಂಬುಗಳಲ್ಲಿ ಬಹುಪಾಲು ಪಾಪ್ಲರ್ ಮರದವು. ಬಿದಿರು ಹೇರಳವಾದ ಮಲೆನಾಡಿಗೆ ಮರವನ್ನು ಕೆತ್ತಿ ಕಡ್ಡಿ ಮಾಡುವ ಶ್ರಮ ಅನಗತ್ಯ.

ಕೇಪಿನ ಕೋವಿ ಬಂದ ಮೇಲೆ ಬೇಟೆಗೆ ಅಂಬು ಬೇಡವಾಯಿತು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಗೆ ಬಿದಿರು ಕಚ್ಚಾವಸ್ತುವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರವೆಂಬ ವ್ಯಾಖ್ಯೆಯಿಂದ 2017ರ ಕಾನೂನು ತಿದ್ದುಪಡಿ ಹೊರಗಿಟ್ಟಿರುವುದರಿಂದ, ಇಂದು ಅಂಬು ಮಾಡಬಯಸುವವರು ತಮ್ಮ ಬೇಲಿಯ ಹಿಂಡಿಲಿನಿಂದಲೇ ಕಡ್ಡಿ ಆರಿಸುವುದು ಲೇಸು; ಅವರಿಗೆ ಬೇಕಾದುದು ಶಾರ್ಙ್ಗಧರ ಗುರಿಯ ಅಭ್ಯಾಸಕ್ಕೆಂದು ಹೇಳಿದ ಸಮದಪ್ಪದ ಕಡ್ಡಿ ಮಾತ್ರ.